ಕೆಪಿಎಸ್‌ಸಿಗೆ ಬಹಿರಂಗ ಪತ್ರ: ತಪ್ಪು ಪ್ರಶ್ನೆಗೆ ಕೋರ್ಟಿನ ದಾರಿ ತೋರಿಸಬೇಡಿ

ಕರ್ನಾಟಕ ಲೋಕಸೇವಾ ಆಯೋಗದ ಮಾನ್ಯ ಅಧ್ಯಕ್ಷರಿಗೆ, ಸದಸ್ಯರಿಗೆ ಮತ್ತು ಕಾರ್ಯದರ್ಶಿಯವರಿಗೆ,
ಉದ್ಯೋಗ ಸೌಧ, ಬೆಂಗಳೂರು.

ನಮಸ್ಕಾರ.

ನಾನು ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಿಗೆ ಸಂವಿಧಾನದ ಪಾಠ ಹೇಳುವವನು. ನನ್ನ ತರಗತಿಗೆ ಬರುವವರಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರೇ ಜಾಸ್ತಿ. ಈ ಪತ್ರವನ್ನು ನಿಮಗೆ ನೇರವಾಗಿ ಕಳಿಸಿ ಸುಮ್ಮನಾಗಬಹುದಿತ್ತು. ಆದರೆ ನೀವು ಆರಿಸಿದವರು ನಾಳೆ ನಮ್ಮ ತಹಶೀಲ್ದಾರರಾಗುತ್ತಾರೆ, ಡಿವೈಎಸ್‌ಪಿಗಳಾಗುತ್ತಾರೆ, ತೆರಿಗೆ ಅಧಿಕಾರಿಗಳಾಗುತ್ತಾರೆ. ಆಯ್ಕೆ ಹೇಗೆ ನಡೆಯುತ್ತದೆ ಎಂಬುದು ಪರೀಕ್ಷೆ ಬರೆದವರಷ್ಟೇ ಯೋಚಿಸಬೇಕಾದ ವಿಷಯ ಅಲ್ಲ. ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ.

ಕೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರಶ್ನೆಪತ್ರಿಕೆಯಲ್ಲಿ ತಪ್ಪಾದರೆ ನೀವೇ ಒಪ್ಪಿಕೊಳ್ಳಿ, ನೀವೇ ಸರಿಪಡಿಸಿ. ‘ಬೇಕಿದ್ದವರು ಕೋರ್ಟಿಗೆ ಹೋಗಲಿ’ ಎಂದು ಬಿಡಬೇಡಿ. ಪರೀಕ್ಷೆಯ ವಿಷಯಕ್ಕೆ ಕೈ ಹಾಕಲು ಕೋರ್ಟುಗಳು ಹಿಂಜರಿಯುತ್ತವೆ. ಆ ಹಿಂಜರಿಕೆಯ ಮರೆಯಲ್ಲಿ ನಿಮ್ಮ ತಪ್ಪು ಉಳಿದುಹೋಗಬಾರದು.

2024ರಲ್ಲಿ ನಡೆದದ್ದು ಎಲ್ಲರಿಗೂ ನೆನಪಿದೆ. ಫೆಬ್ರುವರಿಯಲ್ಲಿ 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಅಧಿಸೂಚನೆ ಬಂತು. ಎರಡು ಲಕ್ಷಕ್ಕೂ ಹೆಚ್ಚು ಮಂದಿ ಅರ್ಜಿ ಹಾಕಿದರು. ಪೂರ್ವಭಾವಿ ಪರೀಕ್ಷೆಯ ದಿನಾಂಕ ಮತ್ತೆ ಮತ್ತೆ ಮುಂದೆ ಹೋಗಿ, ಕೊನೆಗೆ ಆಗಸ್ಟ್ 27ರಂದು, ಒಂದು ಮಂಗಳವಾರ, ಪರೀಕ್ಷೆ ನಡೆಯಿತು. ಕನ್ನಡದ ಪ್ರಶ್ನೆಗಳು ತಪ್ಪುಗಳಿಂದ ತುಂಬಿವೆ ಎಂಬ ದೂರು ಕೂಡಲೇ ಎದ್ದಿತು. ಸೆಪ್ಟೆಂಬರ್ 2ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅನುವಾದ ಸರಿಯಾಗಿಲ್ಲ ಎಂದು ಒಪ್ಪಿ, ಎರಡು ತಿಂಗಳೊಳಗೆ ಮರುಪರೀಕ್ಷೆ ಮಾಡಲು ಸೂಚಿಸಿದರು. ಮರುಪರೀಕ್ಷೆ ಡಿಸೆಂಬರ್ 29ರಂದು ನಡೆಯಿತು. ಆ ಪತ್ರಿಕೆಯಲ್ಲೂ ಕನ್ನಡ ಅನುವಾದದ ತಪ್ಪುಗಳು ಬಂದವು. ಅಭ್ಯರ್ಥಿಗಳು ಮತ್ತೆ ಬೀದಿಗಿಳಿದರು. ಇನ್ನೊಂದು ಪರೀಕ್ಷೆ ಇಲ್ಲ ಎಂದು ಗೊತ್ತಾದ ಮೇಲೆ ಕೆಲವರು ಸರ್ಕಾರಿ ನೌಕರಿಯ ವ್ಯಾಜ್ಯ ಕೇಳುವ ಕರ್ನಾಟಕ ಆಡಳಿತ ನ್ಯಾಯಮಂಡಳಿಯ (ಕೆಎಟಿ) ಮೆಟ್ಟಿಲು ಹತ್ತಿದರು.

ಮೊದಲ ಸಲ ತಪ್ಪಾದಾಗ ಆತುರ, ಸಮಯದ ಅಭಾವ ಎಂದೆಲ್ಲ ಕಾರಣ ಹೇಳಬಹುದಿತ್ತು. ಎರಡನೇ ಸಲ ಹಾಗೆ ಹೇಳಲು ಆಗುವುದಿಲ್ಲ. ಇಡೀ ರಾಜ್ಯ ನೋಡುತ್ತಿತ್ತು. ಯಾವ ಜಾಗದಲ್ಲಿ ತಪ್ಪಾಗಿದೆ ಎಂದು ಗೊತ್ತಿತ್ತು. ನಾಲ್ಕು ತಿಂಗಳ ಸಮಯವೂ ಸಿಕ್ಕಿತ್ತು. ಆದರೂ ಅದೇ ಜಾಗದಲ್ಲಿ ಎಡವಿದಿರಿ. ಹಾಗಾದರೆ ತಪ್ಪು ಯಾರೋ ಒಬ್ಬ ಅನುವಾದಕರದ್ದಲ್ಲ, ಪತ್ರಿಕೆ ತಯಾರಾಗುವ ವಿಧಾನದ್ದೇ ಅಲ್ವಾ?

ಒಂದು ತಪ್ಪು ಪ್ರಶ್ನೆ ಅಭ್ಯರ್ಥಿಗೆ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪರೀಕ್ಷೆಯ ಹೊರಗಿರುವವರಿಗೆ ಇದು ‘ಒಂದೆರಡು ಪ್ರಶ್ನೆ ತಾನೇ’ ಎಂದು ಕಾಣುತ್ತದೆ.

ಪೂರ್ವಭಾವಿಯ ಒಂದು ಪತ್ರಿಕೆಯಲ್ಲಿ 100 ಪ್ರಶ್ನೆ, ಎರಡು ಗಂಟೆ. ಅಂದರೆ ಒಂದು ಪ್ರಶ್ನೆಗೆ 72 ಸೆಕೆಂಡು. ಸರಿ ಉತ್ತರಕ್ಕೆ 2 ಅಂಕ, ತಪ್ಪು ಉತ್ತರಕ್ಕೆ ಅದರ ಕಾಲು ಭಾಗ ಕಡಿತ. ಸರಿ ಬರೆದವನಿಗೂ ತಪ್ಪು ಬರೆದವನಿಗೂ ಒಂದೇ ಪ್ರಶ್ನೆಯಲ್ಲಿ ಎರಡೂವರೆ ಅಂಕದ ಅಂತರ. ಕಟ್‌ಆಫ್ ಸುತ್ತಮುತ್ತ ಅರ್ಧ ಅಂಕದಲ್ಲಿ ಹಿಂದೆ ಮುಂದೆ ಆಗುವವರು ಎಷ್ಟು ಜನ ಎಂಬುದು ನಿಮಗೇ ಚೆನ್ನಾಗಿ ಗೊತ್ತು.

ಈಗ ಕನ್ನಡದಲ್ಲಿ ಓದುವ ಅಭ್ಯರ್ಥಿಯ ಜಾಗದಲ್ಲಿ ನಿಂತು ನೋಡಿ. ಪ್ರಶ್ನೆ ಓದುತ್ತಾಳೆ. ವಾಕ್ಯ ಎಲ್ಲೋ ಕೂಡುತ್ತಿಲ್ಲ. ಕೆಳಗಿರುವ ಇಂಗ್ಲಿಷ್ ಪಾಠಕ್ಕೆ ಹೋಗುತ್ತಾಳೆ. ಎರಡನ್ನೂ ಹೋಲಿಸುತ್ತಾಳೆ. ಅವಳ 72 ಸೆಕೆಂಡು ಅಲ್ಲೇ ಮುಗಿಯಿತು. ಹೀಗೆ ಹತ್ತು ಪ್ರಶ್ನೆಯಲ್ಲಿ ಆದರೆ, ಕೊನೆಯ ಹತ್ತು ಪ್ರಶ್ನೆ ಓದಲೂ ಸಮಯ ಇರುವುದಿಲ್ಲ. ನಷ್ಟವಾದದ್ದು ಆ ತಪ್ಪು ಪ್ರಶ್ನೆಗಳಲ್ಲಿ ಮಾತ್ರ ಅಲ್ಲ. ಸರಿಯಾಗಿದ್ದ, ಅವಳಿಗೆ ಉತ್ತರ ಗೊತ್ತಿದ್ದ ಪ್ರಶ್ನೆಗಳೂ ಕೈತಪ್ಪಿದವು. ಈ ನಷ್ಟ ಯಾವ ಕೃಪಾಂಕದ ಲೆಕ್ಕಕ್ಕೂ ಬರುವುದಿಲ್ಲ. ಯಾವ ಕೋರ್ಟೂ ಇದನ್ನು ಅಳೆಯಲಾರದು.

ಇದಕ್ಕಿಂತ ಅಪಾಯದ ತಪ್ಪು ಇನ್ನೊಂದಿದೆ. ವಾಕ್ಯ ಚೆನ್ನಾಗಿಯೇ ಇರುತ್ತದೆ, ಅರ್ಥ ಮಾತ್ರ ಬೇರೆ ಆಗಿರುತ್ತದೆ. ನಾನೇ ಒಂದು ಉದಾಹರಣೆ ಮಾಡಿ ಹೇಳುತ್ತೇನೆ. ಸಂವಿಧಾನದ 110ನೇ ವಿಧಿಯಲ್ಲಿ ಬರುವುದು ಧನ ವಿಧೇಯಕ. 117ನೇ ವಿಧಿಯಲ್ಲಿ ಬರುವುದು ಹಣಕಾಸು ವಿಧೇಯಕ. ರಾಜ್ಯಸಭೆ 14 ದಿನಗಳೊಳಗೆ ಹಿಂದಿರುಗಿಸಬೇಕು ಎಂಬ ನಿಯಮ ಇರುವುದು ಧನ ವಿಧೇಯಕಕ್ಕೆ. ಅನುವಾದಕರು ಎರಡನ್ನೂ ‘ಹಣಕಾಸು ಮಸೂದೆ’ ಎಂದು ಬರೆದರೆ ಏನಾಗುತ್ತದೆ? ಇಂಗ್ಲಿಷಿನಲ್ಲಿ ಸರಿಯಾದ ಹೇಳಿಕೆ ಕನ್ನಡದಲ್ಲಿ ತಪ್ಪಾಗುತ್ತದೆ. ವಿಷಯ ಚೆನ್ನಾಗಿ ಓದಿದವನು ವ್ಯತ್ಯಾಸ ಗುರುತಿಸಿ ‘ತಪ್ಪು’ ಎನ್ನುತ್ತಾನೆ, ಅಂಕ ಕಳೆದುಕೊಳ್ಳುತ್ತಾನೆ. ಅರ್ಧಂಬರ್ಧ ಓದಿದವನು ‘ಸರಿ’ ಎಂದು ಅಂಕ ಪಡೆಯುತ್ತಾನೆ. ವಾಕ್ಯದಲ್ಲಿ ಎಲ್ಲೂ ತೊಡಕಿಲ್ಲ, ಹಾಗಾಗಿ ಇಂಗ್ಲಿಷ್ ನೋಡಬೇಕು ಎಂದು ಯಾರಿಗೂ ಅನ್ನಿಸುವುದೂ ಇಲ್ಲ. ‘ಯಾವುದು ಸರಿ’ ಎಂದು ಕೇಳುವಲ್ಲಿ ‘ಯಾವುದು ಸರಿಯಲ್ಲ’ ಎಂದಾದರೂ ಇದೇ ಕಥೆ.

ಪ್ರಶ್ನೆಪತ್ರಿಕೆಗಳ ಮೇಲೆ ಒಂದು ಸೂಚನೆ ಇರುವುದುಂಟು. ಕನ್ನಡದ ಪ್ರಶ್ನೆಯಲ್ಲಿ ಸಂದೇಹ ಬಂದರೆ ಇಂಗ್ಲಿಷ್ ಪಾಠವನ್ನು ನೋಡಿ ಎಂದು. ಸಂದೇಹವೇ ಬಾರದ ತಪ್ಪಿಗೆ ಈ ಸೂಚನೆಯಿಂದ ಏನು ಉಪಯೋಗ? ಅದೂ ಬಿಡಿ. ಈ ರಾಜ್ಯದ ಆಡಳಿತ ಭಾಷೆ ಕನ್ನಡ ಎಂದು 1963ರಲ್ಲೇ ಕಾಯ್ದೆ ಆಗಿದೆ. ಆ ಆಡಳಿತಕ್ಕೆ ಆಳು ಆರಿಸುವ ಪರೀಕ್ಷೆಯಲ್ಲಿ ಕನ್ನಡಕ್ಕೆ ಎರಡನೇ ಸ್ಥಾನ. ಕನ್ನಡ ಮಾಧ್ಯಮದಲ್ಲಿ ಬರೆಯಬಹುದು ಎಂದು ಅಧಿಸೂಚನೆಯಲ್ಲಿ ಮಾತು ಕೊಟ್ಟು, ಪರೀಕ್ಷಾ ಕೊಠಡಿಯಲ್ಲಿ ‘ಇಂಗ್ಲಿಷ್ ನೋಡಿಕೊಳ್ಳಿ’ ಎನ್ನುವುದು ನ್ಯಾಯವಲ್ಲ.

ಈಗ ಕೋರ್ಟಿನ ವಿಷಯ. ಇಲ್ಲಿ ನಿಮ್ಮ ಗಮನ ಸ್ವಲ್ಪ ಜಾಸ್ತಿ ಬೇಕು.

ಕೀ ಉತ್ತರದ, ಅಂದರೆ ಪರೀಕ್ಷೆ ನಡೆಸುವವರು ಸರಿ ಎಂದು ಪ್ರಕಟಿಸುವ ಉತ್ತರದ, ವ್ಯಾಜ್ಯಗಳಲ್ಲಿ ಆಯೋಗಗಳ ಪರ ವಕೀಲರು ಸಾಮಾನ್ಯವಾಗಿ ಎತ್ತುವ ತೀರ್ಪು ಒಂದಿದೆ. 1983ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಕಾನ್ಪುರ ವಿಶ್ವವಿದ್ಯಾಲಯ ವಿರುದ್ಧ ಸಮೀರ್ ಗುಪ್ತಾ ತೀರ್ಪು. ಉತ್ತರ ಪ್ರದೇಶದ ವೈದ್ಯಕೀಯ ಪ್ರವೇಶ ಪರೀಕ್ಷೆಯ ಕೆಲವು ಕೀ ಉತ್ತರ ತಪ್ಪು ಎಂದು ವಿದ್ಯಾರ್ಥಿಗಳು ಕೋರ್ಟಿಗೆ ಹೋಗಿದ್ದರು. ಕೀ ಉತ್ತರ ಸರಿಯಾಗಿದೆ ಎಂದೇ ಮೊದಲು ಭಾವಿಸಬೇಕು, ತಪ್ಪು ಎಂಬುದು ಎದ್ದು ಕಾಣುವಂತೆ ಸಾಬೀತಾಗಬೇಕು, ಸುತ್ತಿ ಬಳಸಿ ತರ್ಕ ಮಾಡಿ ತೋರಿಸಿದರೆ ಸಾಲದು ಎಂದು ಕೋರ್ಟ್ ಹೇಳಿತು. ಇದು ಆಯೋಗಗಳಿಗೆ ಇಷ್ಟವಾದ ಭಾಗ.

ಅದೇ ತೀರ್ಪಿನಲ್ಲಿ ಇನ್ನೊಂದು ಭಾಗ ಇದೆ. ಆ ಪ್ರಕರಣದಲ್ಲಿ ಗೆದ್ದದ್ದು ವಿದ್ಯಾರ್ಥಿಗಳು ಎಂಬುದು ಮೊದಲನೆಯ ಮಾತು. ಆಮೇಲೆ, ಇಂಥ ತಪ್ಪು ಮತ್ತೆ ಆಗದಿರಲು ಏನು ಮಾಡಬೇಕು ಎಂದು ಕೋರ್ಟ್ ಸಾಲಾಗಿ ಹೇಳಿತು. ಪ್ರಶ್ನೆ ತಯಾರಿಸಿದವರು ಕೊಟ್ಟ ಕೀ ಉತ್ತರಗಳನ್ನು ಇನ್ನೊಬ್ಬರು ಪರಿಶೀಲಿಸುವ ವ್ಯವಸ್ಥೆ ಇರಬೇಕು. ಇಂಗ್ಲಿಷ್ ಪ್ರಶ್ನೆಯನ್ನು ಹಿಂದಿಗೆ ತರುವುದಾದರೆ ಹಿಂದಿ ಭಾಷೆ ಬಲ್ಲವರನ್ನು ನೇಮಿಸಿದರೆ ಸಾಲದು, ಅನುವಾದಕರಿಗೆ ವಿಜ್ಞಾನದ ಪಾರಿಭಾಷಿಕ ಪದಗಳ ಅರ್ಥವೂ ಗೊತ್ತಿರಬೇಕು, ಅನುವಾದದ ಕಲೆಯೂ ಗೊತ್ತಿರಬೇಕು. ಬಹು ಆಯ್ಕೆಯ ಪ್ರಶ್ನೆಯಲ್ಲಿ ವಾದಕ್ಕೆ, ವಿವರಣೆಗೆ ಜಾಗವೇ ಇಲ್ಲ, ಆದ್ದರಿಂದ ಎರಡು ಅರ್ಥ ಬರುವ ಪ್ರಶ್ನೆ ಹಾಕಲೇಬಾರದು. ತಪ್ಪು ಇದೆ ಎಂದು ಯಾರಾದರೂ ಗಮನಕ್ಕೆ ತಂದರೆ ಬೇಗ ನಿರ್ಧಾರ ಮಾಡಿ, ಆ ಪ್ರಶ್ನೆಯನ್ನು ಪತ್ರಿಕೆಯಿಂದ ತೆಗೆದುಹಾಕಬೇಕು.

ಹಿಂದಿ ಎಂಬಲ್ಲಿ ಕನ್ನಡ ಎಂದು ಓದಿಕೊಳ್ಳಿ. 2024ರ ಎರಡೂ ಪರೀಕ್ಷೆಗಳಿಗೆ ಬೇಕಿದ್ದ ಬುದ್ಧಿಮಾತು 41 ವರ್ಷ ಮೊದಲೇ ಅಲ್ಲಿತ್ತು. ತೀರ್ಪಿನ ಮೊದಲ ಭಾಗವನ್ನು ಕೋರ್ಟಿನಲ್ಲಿ ಓದಿ ಹೇಳುವ ಸಂಸ್ಥೆಗಳು ಎರಡನೇ ಭಾಗವನ್ನು ತಮ್ಮ ಕಚೇರಿಯಲ್ಲಿ ಪಾಲಿಸಬೇಕು. ಕೀ ಉತ್ತರ ಸರಿ ಎಂದು ಭಾವಿಸಬೇಕು ಎಂಬ ನಂಬಿಕೆ ಸುಮ್ನೆ ಬಂದದ್ದಲ್ಲ. ಪರಿಶೀಲನೆ ನಡೆದಿದೆ, ತಜ್ಞರು ನೋಡಿದ್ದಾರೆ, ಅನುವಾದ ಬಲ್ಲವರೇ ಮಾಡಿದ್ದಾರೆ ಎಂಬ ಭರವಸೆಯ ಮೇಲೆ ಅದು ನಿಂತಿದೆ.

ನಂತರದ ತೀರ್ಪುಗಳು ಅಭ್ಯರ್ಥಿಯ ದಾರಿಯನ್ನು ಇನ್ನೂ ಕಿರಿದು ಮಾಡಿವೆ. 2017ರ ಡಿಸೆಂಬರಿನಲ್ಲಿ ಬಂದ ರಣ್ ವಿಜಯ್ ಸಿಂಗ್ ತೀರ್ಪಿನಲ್ಲಿ, ಅನುಮಾನ ಇದ್ದರೆ ಅದರ ಲಾಭ ಪರೀಕ್ಷೆ ನಡೆಸುವ ಸಂಸ್ಥೆಗೆ ಹೋಗಬೇಕು, ಅಭ್ಯರ್ಥಿಗಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಕನಿಕರಕ್ಕೆ ಇಲ್ಲಿ ಜಾಗವಿಲ್ಲ ಎಂದೂ ಹೇಳಿತು. 2018ರಲ್ಲಿ ಉತ್ತರ ಪ್ರದೇಶ ಲೋಕಸೇವಾ ಆಯೋಗದ ಪ್ರಕರಣದಲ್ಲೂ ಅದೇ ನಿಲುವು ತಾಳಿತು. ಇದರ ಹಿಂದಿನ ಕಾರಣ ನನಗೆ ಅರ್ಥವಾಗುತ್ತದೆ. ರಣ್ ವಿಜಯ್ ಸಿಂಗ್ ಪ್ರಕರಣದ ಶಿಕ್ಷಕರ ನೇಮಕಾತಿ ಶುರುವಾದದ್ದು 2009ರಲ್ಲಿ. ಎಂಟು ವರ್ಷ ಕಳೆದರೂ ಯಾರು ಆಯ್ಕೆ, ಯಾರು ಅಲ್ಲ ಎಂದು ಇತ್ಯರ್ಥವಾಗಿರಲಿಲ್ಲ. ನ್ಯಾಯಾಧೀಶರು ಪ್ರಾಣಿಶಾಸ್ತ್ರದ, ಇತಿಹಾಸದ ಉತ್ತರ ತಿದ್ದುತ್ತಾ ಕೂತರೆ ಯಾವ ನೇಮಕಾತಿಯೂ ಮುಗಿಯುವುದಿಲ್ಲ. ಕೋರ್ಟಿನ ಸಂಯಮವನ್ನು ನಾನು ದೂರುವುದಿಲ್ಲ.

ಆದರೆ ಇದರಿಂದ ಆಯೋಗದ ಮೇಲೆ ಬೀಳುವ ಹೊಣೆಯನ್ನು ನೋಡಿ. ಅನುಮಾನದ ಲಾಭ ನಿಮಗೆ ಸಿಗುತ್ತದೆ ಎಂದರೆ, ನಿಮ್ಮ ತೀರ್ಮಾನವೇ ಬಹುಪಾಲು ಕೊನೆಯ ತೀರ್ಮಾನ. ಅಭ್ಯರ್ಥಿಗೆ ನ್ಯಾಯ ಸಿಗುವ ನಿಜವಾದ ಜಾಗ ನಿಮ್ಮ ಕಚೇರಿ. ಅಲ್ಲಿ ಅವನ ಆಕ್ಷೇಪಣೆಯನ್ನು ಎಷ್ಟು ಗಂಭೀರವಾಗಿ ಓದುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಕೋರ್ಟಿನಲ್ಲಿ ಗೆದ್ದಿರಿ ಎಂದ ಮಾತ್ರಕ್ಕೆ ಪ್ರಶ್ನೆ ಸರಿ ಇತ್ತು ಎಂದು ಸಾಬೀತಾಗುವುದಿಲ್ಲ.

ಎದ್ದು ಕಾಣುವ ತಪ್ಪಿದ್ದರೆ ಕೋರ್ಟುಗಳು ಸುಮ್ಮನಿರುವುದಿಲ್ಲ ಎಂಬುದೂ ನಿಜ. ಬಿಹಾರದಲ್ಲಿ ಜೂನಿಯರ್ ಎಂಜಿನಿಯರ್ ನೇಮಕಾತಿಯ ಒಂದು ಪತ್ರಿಕೆಯ ಮಾದರಿ ಉತ್ತರಗಳನ್ನು ತಜ್ಞರಿಗೆ ತೋರಿಸಿದಾಗ 100ರಲ್ಲಿ 41 ಉತ್ತರ ತಪ್ಪು ಎಂದು ಹೊರಬಂತು. 2013ರಲ್ಲಿ ರಾಜೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸರಿಯಾದ ಕೀ ಇಟ್ಟುಕೊಂಡು ಮತ್ತೆ ಮೌಲ್ಯಮಾಪನ ಮಾಡಿ ಎಂದಿತು. ಅಷ್ಟರಲ್ಲಿ ಹಳೆಯ ಪಟ್ಟಿಯಿಂದ ಕೆಲಸಕ್ಕೆ ಸೇರಿದವರು ಹಲವು ವರ್ಷ ದುಡಿದಿದ್ದರು. ಅವರ ತಪ್ಪೇನೂ ಇರಲಿಲ್ಲ. ಹಾಗಾಗಿ ಹೊಸ ಮೌಲ್ಯಮಾಪನದಲ್ಲಿ ಅವರು ಹಿಂದೆ ಬಿದ್ದರೂ ತೆಗೆಯಬೇಡಿ, ಪಟ್ಟಿಯ ಕೊನೆಗೆ ಇಡಿ ಎಂದಿತು. ಕೋರ್ಟ್ ಅದಕ್ಕಿಂತ ನ್ಯಾಯವಾಗಿ ಏನು ಮಾಡಬಹುದಿತ್ತು, ನನಗೆ ಕಾಣುವುದಿಲ್ಲ. ಆದರೆ ಯಾರಿಗೂ ಪೂರ್ತಿ ನ್ಯಾಯ ಸಿಗಲಿಲ್ಲ. ಅರ್ಹನಾದವನು ವರ್ಷಗಟ್ಟಲೆ ಹೊರಗಿದ್ದ. ಒಳಗಿದ್ದವನು ಆತಂಕದಲ್ಲಿದ್ದ, ಕೊನೆಗೆ ಜ್ಯೇಷ್ಠತೆಯಲ್ಲಿ ಕೆಳಗಿಳಿದ. ಹೊಣೆ ಹೊರಬೇಕಿದ್ದವರು ಕೀ ತಯಾರಿಸಿದವರು. ನೋವು ಉಂಡವರು ಬೇರೆ.

ನಮ್ಮಲ್ಲೂ ವ್ಯಾಜ್ಯ ಎಷ್ಟು ದೂರ ಎಳೆಯಬಹುದು ಎಂಬುದಕ್ಕೆ 2011ರ ಸಾಲಿನ 362 ಹುದ್ದೆಗಳ ನೇಮಕಾತಿ ಸಾಕ್ಷಿ. ಕೆಎಟಿ, ಹೈಕೋರ್ಟ್ ಎಲ್ಲ ಸುತ್ತಿ, 2022ರಲ್ಲಿ ವಿಧಾನಮಂಡಲ ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. ಅಲ್ಲಿದ್ದದ್ದು ಅಕ್ರಮದ ಆರೋಪ, ಪ್ರಶ್ನೆಯ ತಪ್ಪಲ್ಲ. ಆದರೆ ಹೊರಗೆ ಕಾದವರ ವಯಸ್ಸು ಎರಡಕ್ಕೂ ಒಂದೇ ರೀತಿ ಕಳೆದುಹೋಗುತ್ತದೆ.

ಇಲ್ಲಿ ಇನ್ನೊಂದು ಮಾತು. ಅಕ್ರಮ ನಡೆದರೆ ತನಿಖೆ ಆಗುತ್ತದೆ. 545 ಪಿಎಸ್‌ಐ ಹುದ್ದೆಗಳ ಪರೀಕ್ಷೆಯಲ್ಲಿ ಅಕ್ರಮ ಬಯಲಾದಾಗ ಸಿಐಡಿ ಬಂತು, ಬಂಧನಗಳಾದವು, 2022ರಲ್ಲಿ ಪರೀಕ್ಷೆ ರದ್ದಾಯಿತು, 2024ರ ಜನವರಿಯಲ್ಲಿ ಮರುಪರೀಕ್ಷೆ ನಡೆಯಿತು. ಅಕ್ರಮ ತಡೆಯಲು ರಾಜ್ಯದಲ್ಲಿ 2023ರ ಕಾಯ್ದೆ ಇದೆ, ಕೇಂದ್ರದಲ್ಲಿ 2024ರ ಕಾಯ್ದೆ ಇದೆ. ತಪ್ಪು ಪ್ರಶ್ನೆಗೆ ಮಾತ್ರ ಯಾರೂ ಉತ್ತರ ಕೊಡಬೇಕಿಲ್ಲ. ಯಾರನ್ನೂ ಜೈಲಿಗೆ ಹಾಕಿ ಎಂದು ನಾನು ಕೇಳುತ್ತಿಲ್ಲ. ತಪ್ಪು ಹೇಗಾಯಿತು, ಪತ್ರಿಕೆ ಯಾವ ಹಂತ ದಾಟಿ ಬಂತು, ಯಾವ ಹಂತದಲ್ಲಿ ಯಾರೂ ನೋಡಲಿಲ್ಲ ಎಂಬುದನ್ನು ಬರೆದು ಹೊರಗಿಡಿ ಎಂದು ಕೇಳುತ್ತಿದ್ದೇನೆ.

ಕೃಪಾಂಕದ ವಿಷಯಕ್ಕೆ ಬರೋಣ. ತಪ್ಪು ಪ್ರಶ್ನೆಗೆ ಎಲ್ಲರಿಗೂ ಅಂಕ ಕೊಟ್ಟರೆ ಮುಗಿಯಿತು ಎಂದು ಸಾಮಾನ್ಯವಾಗಿ ಭಾವಿಸುತ್ತಾರೆ. ಮುಗಿಯುವುದಿಲ್ಲ, ಅಲ್ಲಿಂದಲೇ ಹೊಸ ಜಗಳ ಶುರುವಾಗುತ್ತದೆ. ಕನ್ನಡದಲ್ಲಿ ತಪ್ಪಾಗಿ, ಇಂಗ್ಲಿಷಿನಲ್ಲಿ ಸರಿಯಾಗಿದ್ದ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಎಲ್ಲರಿಗೂ 2 ಅಂಕ ಕೊಟ್ಟರೆ, ಇಂಗ್ಲಿಷಿನಲ್ಲಿ ಓದಿ ಸರಿ ಉತ್ತರ ಬರೆದವನು ‘ನಾನು ಗೊತ್ತಿದ್ದು ಬರೆದೆ, ಗೊತ್ತಿಲ್ಲದವನಿಗೂ ನನ್ನಷ್ಟೇ ಅಂಕ’ ಎನ್ನುತ್ತಾನೆ. ಅವನ ಮಾತು ಸರಿ. ಕೊಡದಿದ್ದರೆ, ಕನ್ನಡದಲ್ಲಿ ಓದಿದವನು ‘ನನಗೆ ಕೇಳಿದ ಪ್ರಶ್ನೆಯೇ ಬೇರೆ’ ಎನ್ನುತ್ತಾನೆ. ಅವನ ಮಾತೂ ಸರಿ. ಪ್ರಶ್ನೆಯನ್ನೇ ತೆಗೆದುಹಾಕಿ ಉಳಿದವುಗಳ ಮೇಲೆ ಅಂಕ ಹಂಚಿದರೆ, ಉಳಿದ ಪ್ರಶ್ನೆಗಳಲ್ಲಿ ತಪ್ಪು ಮಾಡಿದವನಿಗೆ ಕಡಿತವೂ ಹೆಚ್ಚುತ್ತದೆ. ಹೀಗೆ ಒಂದೇ ಪ್ರಶ್ನೆಗೆ ಇಬ್ಬರು ಎರಡು ದಿಕ್ಕಿನಿಂದ ಕೆಎಟಿಗೆ ಬರುತ್ತಾರೆ. ಇಬ್ಬರೂ ಪ್ರಾಮಾಣಿಕರು. ಒಮ್ಮೆ ತಪ್ಪಾದ ಮೇಲೆ ಎಲ್ಲರಿಗೂ ಸಮನಾದ ಪರಿಹಾರ ಸಿಗುವುದು ಕಷ್ಟ. ಅದಕ್ಕೇ ತಪ್ಪಾಗುವ ಮೊದಲಿನ ಕೆಲಸ ಅಷ್ಟು ಮುಖ್ಯ.

ಮಧ್ಯಂತರ ಆದೇಶಗಳು ಇನ್ನೊಂದು ತೊಡಕು. ಅರ್ಜಿ ಹಾಕಿದವರಿಗೆ ಮುಖ್ಯ ಪರೀಕ್ಷೆ ಬರೆಯಲು ಷರತ್ತಿನ ಮೇಲೆ ಅವಕಾಶ ಸಿಗಬಹುದು. ಅಷ್ಟೇ ಅಂಕ ಪಡೆದು, ಅದೇ ತಪ್ಪಿನಿಂದ ನಷ್ಟ ಅನುಭವಿಸಿ, ಕೋರ್ಟಿಗೆ ಹೋಗಲಾಗದವನು ಹೊರಗೆ ಉಳಿಯುತ್ತಾನೆ. ಕೆಎಟಿಗೆ ಬೆಂಗಳೂರಿನ ಜೊತೆ ಬೆಳಗಾವಿ, ಕಲಬುರಗಿಯಲ್ಲೂ ಪೀಠಗಳಿವೆ, ಅದೊಂದು ಅನುಕೂಲ. ಆದರೆ ವಕೀಲರ ಖರ್ಚು ಎಲ್ಲಿಂದ ತರುವುದು? ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಬಾಡಿಗೆ ಕೋಣೆಯಲ್ಲಿ ಇಬ್ಬರು ಮೂವರು ಸೇರಿ ಓದುವವರಿಗೆ ಮುಂದಿನ ತಿಂಗಳ ಬಾಡಿಗೆಯೇ ಚಿಂತೆ. ಕೆಎಟಿಯಲ್ಲಿ ಗೆದ್ದರೂ ಎದುರಿನವರು ಹೈಕೋರ್ಟಿಗೆ ಹೋಗುತ್ತಾರೆ. 1997ರ ಎಲ್. ಚಂದ್ರಕುಮಾರ್ ತೀರ್ಪಿನ ಪ್ರಕಾರ ಕೆಎಟಿ ಆದೇಶದ ಮೇಲೆ ಹೈಕೋರ್ಟಿನ ವಿಭಾಗೀಯ ಪೀಠ ಪರಿಶೀಲನೆ ಮಾಡಬಹುದು. ಆಮೇಲೆ ಸುಪ್ರೀಂ ಕೋರ್ಟ್. ಈ ಮೂರೂ ಮೆಟ್ಟಿಲು ಹತ್ತುವಷ್ಟರಲ್ಲಿ ವಯೋಮಿತಿ ದಾಟಿರುತ್ತದೆ.

ಬೇಗ ಇತ್ಯರ್ಥ ಮಾಡಲು ಆಗುವುದಿಲ್ಲವೇ? ಆಗುತ್ತದೆ. 2024ರ ನೀಟ್ ಪ್ರಕರಣ ನೆನಪಿಸಿಕೊಳ್ಳಿ. ಅದು ನೇಮಕಾತಿ ಪರೀಕ್ಷೆಯಲ್ಲ, ಆದರೆ ಸಮಸ್ಯೆ ಇದೇ. ಭೌತಶಾಸ್ತ್ರದ ಒಂದು ಪ್ರಶ್ನೆಗೆ ಹಳೆಯ ಪಠ್ಯಪುಸ್ತಕದ ಪ್ರಕಾರ ಒಂದು ಉತ್ತರ, ಹೊಸದರ ಪ್ರಕಾರ ಇನ್ನೊಂದು. ಪರೀಕ್ಷೆ ನಡೆಸಿದವರು ಎರಡಕ್ಕೂ ಅಂಕ ಕೊಟ್ಟಿದ್ದರು. ಜುಲೈ 22ರಂದು ಸುಪ್ರೀಂ ಕೋರ್ಟ್ ದೆಹಲಿ ಐಐಟಿಯ ಮೂವರು ತಜ್ಞರ ಅಭಿಪ್ರಾಯ ಕೇಳಿತು. ಮರುದಿನವೇ ಅಭಿಪ್ರಾಯ ಬಂತು: ನಾಲ್ಕನೆಯ ಆಯ್ಕೆ ಮಾತ್ರ ಸರಿ. ನಾಲ್ಕು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳ ಅಂಕ ಬದಲಾಯಿತು. ಒಂದು ದಿನದ ಕೆಲಸ. ದೇಶದ ಅತಿ ದೊಡ್ಡ ನ್ಯಾಯಾಲಯ ಕೇಳಿದ ಮೇಲೆ ಆದ ಈ ಕೆಲಸವನ್ನು ಫಲಿತಾಂಶಕ್ಕೆ ಮೊದಲೇ, ಯಾರೂ ಕೇಳುವ ಮೊದಲೇ ಮಾಡಬಹುದಿತ್ತು.

ಹಾಗಾದರೆ ನೀವು ಏನು ಮಾಡಬೇಕು? ನನಗೆ ತೋಚಿದ್ದನ್ನು ಹೇಳುತ್ತೇನೆ.

ಪ್ರಶ್ನೆಗಳನ್ನು ಮೂಲದಲ್ಲೇ ಕನ್ನಡದಲ್ಲಿ ಬರೆಸಿ. ಎಲ್ಲವನ್ನೂ ಆಗದಿದ್ದರೆ ಅರ್ಧದಷ್ಟನ್ನಾದರೂ. ಕರ್ನಾಟಕದ ಇತಿಹಾಸ, ಭೂಗೋಳ, ಪಂಚಾಯತ್ ರಾಜ್, ಭೂಸುಧಾರಣೆ ಇವುಗಳ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಬರೆಸಿ ಕನ್ನಡಕ್ಕೆ ತರುವ ಅಗತ್ಯವೇನು? ಈ ವಿಷಯಗಳನ್ನು ಕನ್ನಡದಲ್ಲೇ ಪಾಠ ಮಾಡುವ ಪ್ರಾಧ್ಯಾಪಕರು ನಮ್ಮ ವಿಶ್ವವಿದ್ಯಾಲಯಗಳಲ್ಲಿದ್ದಾರೆ. ವಿಜ್ಞಾನ, ಅರ್ಥಶಾಸ್ತ್ರದ ಪ್ರಶ್ನೆಗಳನ್ನು ಅನುವಾದ ಮಾಡಲೇಬೇಕು ಎಂದಾದರೆ ಆಯಾ ವಿಷಯವನ್ನು ಕನ್ನಡದಲ್ಲಿ ಕಲಿಸಿದ ಅನುಭವ ಇರುವವರಿಂದಲೇ ಮಾಡಿಸಿ. ಪದಗಳಿಗೆ ಬರ ಇಲ್ಲ. ಶಾಲಾ ಪಠ್ಯಪುಸ್ತಕಗಳಲ್ಲಿ ಮಕ್ಕಳು ಓದಿದ ಪದಗಳಿವೆ, ಆಡಳಿತ ಪದಕೋಶಗಳಿವೆ, ಅನುವಾದಕ್ಕೆಂದೇ ಕುವೆಂಪು ಭಾಷಾ ಭಾರತಿ ಪ್ರಾಧಿಕಾರ ಇದೆ. ಅಭ್ಯರ್ಥಿ ಹತ್ತನೇ ತರಗತಿಯಿಂದ ಓದಿಕೊಂಡು ಬಂದ ಪದವನ್ನೇ ಪ್ರಶ್ನೆಯಲ್ಲಿ ಬಳಸಿ.

ಅನುವಾದ ಮುಗಿದ ಮೇಲೆ ಇಂಗ್ಲಿಷ್ ಪಾಠವನ್ನು ನೋಡದ ಒಬ್ಬರಿಗೆ ಕನ್ನಡ ಪತ್ರಿಕೆ ಮಾತ್ರ ಕೊಟ್ಟು ಉತ್ತರ ಬರೆಸಿ. ವಿಷಯ ಬಲ್ಲ ಒಬ್ಬರಿಗೆ ಪ್ರಶ್ನೆ ಅರ್ಥವಾಗದಿದ್ದರೆ, ಅಥವಾ ಉತ್ತರ ಕೀಗೆ ಹೊಂದದಿದ್ದರೆ, ತಪ್ಪು ಅಲ್ಲೇ ಸಿಕ್ಕಿತು. ಹೆಚ್ಚು ಜನ ನೋಡಿದರೆ ಪತ್ರಿಕೆ ಸೋರಿಕೆಯಾಗಬಹುದು ಎಂಬ ಆತಂಕ ನಿಮಗಿರುತ್ತದೆ. ಅದು ಸುಳ್ಳಲ್ಲ. ಅದಕ್ಕೆ ಪ್ರಶ್ನೆ ಭಂಡಾರ ಮಾಡಿಕೊಳ್ಳಿ. ಬೇಕಾದ್ದಕ್ಕಿಂತ ಹತ್ತಾರು ಪಟ್ಟು ಪ್ರಶ್ನೆಗಳನ್ನು ತಿಂಗಳುಗಟ್ಟಲೆ ಮೊದಲೇ ಬರೆಸಿ, ಅನುವಾದಿಸಿ, ಪರೀಕ್ಷಿಸಿ ಇಡಿ. ಅದರಲ್ಲಿ ಯಾವ ನೂರು ಪರೀಕ್ಷೆಗೆ ಬರುತ್ತದೆ ಎಂದು ನೋಡಿದವರಿಗೂ ಗೊತ್ತಿರುವುದಿಲ್ಲ.

ಆಕ್ಷೇಪಣೆಗಳ ಬಗ್ಗೆ ನನ್ನ ದೊಡ್ಡ ಬೇಡಿಕೆ ಇದೆ. ಕೀ ಉತ್ತರ ಹಾಕುತ್ತೀರಿ, ಆಕ್ಷೇಪಣೆ ಕರೆಯುತ್ತೀರಿ, ಆಮೇಲೆ ಪರಿಷ್ಕೃತ ಕೀ ಬರುತ್ತದೆ. ಇದು ಒಳ್ಳೆಯ ಪದ್ಧತಿ. ಯುಪಿಎಸ್‌ಸಿ ಕೂಡ ಪೂರ್ವಭಾವಿ ಮುಗಿದ ಕೂಡಲೇ ತಾತ್ಕಾಲಿಕ ಕೀ ಹಾಕುವುದಾಗಿ 2025ರಲ್ಲಷ್ಟೇ ಸುಪ್ರೀಂ ಕೋರ್ಟಿಗೆ ತಿಳಿಸಿತು. ಆದರೆ ಆಕ್ಷೇಪಣೆ ಒಪ್ಪಿದ್ದು ಏಕೆ, ತಿರಸ್ಕರಿಸಿದ್ದು ಏಕೆ ಎಂಬ ಕಾರಣ ಅಭ್ಯರ್ಥಿಗೆ ತಲುಪಬೇಕು. ತಜ್ಞರ ಹೆಸರು ಗುಟ್ಟಾಗಿರಲಿ. ಕಾರಣ ಗುಟ್ಟಾಗಿರಬೇಕಿಲ್ಲ. ಯಾವ ಪುಸ್ತಕ, ಯಾವ ಪುಟ, ಯಾವ ಕಾಯ್ದೆಯ ಯಾವ ವಿಧಿ ಎಂದು ಎರಡು ಸಾಲು ಬರೆದು ವೆಬ್‌ಸೈಟಿನಲ್ಲಿ ಹಾಕಿ. ಆಧಾರ ಕಣ್ಣ ಮುಂದೆ ಇದ್ದರೆ ಎಷ್ಟೋ ಜನ ಒಪ್ಪಿಕೊಂಡು ಮುಂದಿನ ಪರೀಕ್ಷೆಗೆ ಓದುತ್ತಾರೆ. ಕಾರಣ ಕಾಣದಿದ್ದಾಗ ಸಂಶಯ ಬೆಳೆಯುತ್ತದೆ, ವಕೀಲರ ಬಾಗಿಲು ತಟ್ಟುತ್ತಾರೆ. ನನ್ನ ವಿದ್ಯಾರ್ಥಿಗಳಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ಸೋತದ್ದಕ್ಕಿಂತ ಏಕೆ ಸೋತೆ ಎಂದು ತಿಳಿಯದಿರುವುದೇ ಅವರನ್ನು ಹೆಚ್ಚು ಸುಡುತ್ತದೆ.

ಕೋರ್ಟಿನಲ್ಲಿ ಒಂದು ತಪ್ಪು ಸಾಬೀತಾದರೆ ಅದರ ಫಲ ಅರ್ಜಿದಾರರಿಗೆ ಮಾತ್ರ ಕೊಡಬೇಡಿ. ಅದೇ ಸ್ಥಿತಿಯಲ್ಲಿರುವ ಎಲ್ಲರಿಗೂ ಕೊಡಿ. ತಪ್ಪು ನಿಜ ಎಂದು ನಿಮಗೇ ಗೊತ್ತಿರುವ ಕಡೆ ಮೇಲ್ಮನವಿ ಹಾಕಿ ವರ್ಷ ಕಳೆಯಬೇಡಿ. ಸಂವಿಧಾನದ 323ನೇ ವಿಧಿಯ ಪ್ರಕಾರ ನೀವು ಪ್ರತಿ ವರ್ಷ ರಾಜ್ಯಪಾಲರಿಗೆ ವರದಿ ಕೊಡುತ್ತೀರಿ, ಅದು ವಿಧಾನಮಂಡಲದ ಮುಂದೆ ಬರುತ್ತದೆ. ಆ ವರದಿಯಲ್ಲಿ ಒಂದು ಅಧ್ಯಾಯ ಸೇರಿಸಿ: ಈ ವರ್ಷ ಎಷ್ಟು ಪ್ರಶ್ನೆ ಕೇಳಿದೆವು, ಎಷ್ಟು ತಪ್ಪಾದವು, ಅವುಗಳಲ್ಲಿ ಅನುವಾದದ ತಪ್ಪು ಎಷ್ಟು, ಎಷ್ಟು ಪ್ರಕರಣ ಕೋರ್ಟಿನಲ್ಲಿವೆ. ಶಾಸಕರು ಓದಲಿ, ನಾವೂ ಓದುತ್ತೇವೆ.

ಸರ್ಕಾರಕ್ಕೂ ಒಂದು ಮಾತು. ಆಯೋಗವನ್ನು ಸುಧಾರಿಸಲು 2013ರಲ್ಲಿ ಯುಪಿಎಸ್‌ಸಿಯ ಮಾಜಿ ಅಧ್ಯಕ್ಷ ಪಿ.ಸಿ. ಹೋಟಾ ಅವರ ಸಮಿತಿ ನೇಮಿಸಿದ್ದಿರಿ. ಸಮಿತಿ ಶಿಫಾರಸು ಕೊಟ್ಟಿತು. ಅವುಗಳಲ್ಲಿ ಯಾವುದು ಜಾರಿಯಾಗಿದೆ, ಯಾವುದು ಇಲ್ಲ ಎಂದು ಈಗಲಾದರೂ ಸದನದಲ್ಲಿ ಹೇಳಿ. ಕೆಎಟಿಯಲ್ಲಿ ಸದಸ್ಯರ ಸ್ಥಾನ ಖಾಲಿ ಬಿಡಬೇಡಿ. ನೇಮಕಾತಿಯ ಪ್ರಕರಣಗಳು ಅಲ್ಲಿ ಬೇರೆಯೇ ಸಾಲಿನಲ್ಲಿ ಬೇಗ ಮುಗಿಯುವಂತೆ ನೋಡಿಕೊಳ್ಳಿ.

ಪರೀಕ್ಷೆ ಬರೆಯುವ ಗೆಳೆಯರೇ, ನಿಮಗೂ ಹೇಳಬೇಕಾದ್ದಿದೆ. ಪ್ರತಿ ಆಕ್ಷೇಪಣೆಯನ್ನೂ ಆಧಾರದ ಜೊತೆ, ಗಡುವಿನೊಳಗೆ ಸಲ್ಲಿಸಿ. ಮೇಲೆ ಹೇಳಿದ ತೀರ್ಪುಗಳ ಕಾರಣ, ‘ಇದೂ ಸರಿ ಇರಬಹುದು’ ಎಂಬ ವಾದ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ‘ಇದು ಖಂಡಿತ ತಪ್ಪು, ಇಗೋ ಪುಸ್ತಕ’ ಎನ್ನುವುದು ಮಾತ್ರ ನಿಲ್ಲುತ್ತದೆ. ಕೋಚಿಂಗ್ ಸೆಂಟರಿನ ಟಿಪ್ಪಣಿ ಆಧಾರವಲ್ಲ. ಅಂಕ ಕಡಿಮೆ ಬಂತೆಂಬ ಸಿಟ್ಟಿಗೆ ಕೇಸು ಹಾಕಬೇಡಿ. ನಿಜವಾದ ತಪ್ಪಿನ ವಿರುದ್ಧ ಹೋರಾಡುವವರ ಮಾತೂ ಅದರಿಂದ ಹಗುರವಾಗುತ್ತದೆ.

ಮಾನ್ಯ ಅಧ್ಯಕ್ಷರೇ, ಕೊನೆಯದಾಗಿ ಮುಂದಿನ ಅಧಿಸೂಚನೆಯ ಬಗ್ಗೆ ಕೇಳುತ್ತೇನೆ. ಅದರಲ್ಲಿ ಮೂರು ವಿಷಯ ಬರೆಯಿರಿ. ಕನ್ನಡ ಮತ್ತು ಇಂಗ್ಲಿಷ್ ಪಾಠದ ಅರ್ಥ ಬೇರೆಯಾದರೆ ಆ ಪ್ರಶ್ನೆಯನ್ನು ದೋಷದ ಪ್ರಶ್ನೆ ಎಂದೇ ಪರಿಗಣಿಸುತ್ತೇವೆ. ದೋಷದ ಪ್ರಶ್ನೆಯ ಅಂಕವನ್ನು ಇಂಥ ಸೂತ್ರದಂತೆ ಲೆಕ್ಕ ಹಾಕುತ್ತೇವೆ. ಪ್ರತಿ ಆಕ್ಷೇಪಣೆಗೂ ಕಾರಣ ಸಹಿತ ಉತ್ತರವನ್ನು ಫಲಿತಾಂಶಕ್ಕೆ ಮೊದಲು ಪ್ರಕಟಿಸುತ್ತೇವೆ. ನಿಯಮ ಪರೀಕ್ಷೆಗೆ ಮೊದಲೇ ಎಲ್ಲರಿಗೂ ಗೊತ್ತಿದ್ದರೆ, ಆಮೇಲೆ ಯಾರಿಗೋ ಅನುಕೂಲ ಮಾಡಲು ಸೂತ್ರ ಬದಲಿಸಿದರು ಎಂಬ ಆರೋಪಕ್ಕೆ ಜಾಗ ಇರುವುದಿಲ್ಲ. ಕನ್ನಡದ ಪಾಠಕ್ಕೆ ಇಂಗ್ಲಿಷಿನಷ್ಟೇ ಬೆಲೆ ಇದೆ ಎಂಬುದೂ ಲಿಖಿತವಾಗಿ ಸಿಗುತ್ತದೆ. ಈ ಪತ್ರಕ್ಕೆ ಪ್ರತ್ಯೇಕ ಉತ್ತರ ಬೇಡ. ಆ ಅಧಿಸೂಚನೆ ಬಂದ ದಿನ ಅದನ್ನು ತರಗತಿಯಲ್ಲಿ ಓದಿ ಹೇಳುತ್ತೇನೆ.

ಇಂತಿ,
ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿಗಳ ಒಬ್ಬ ಶಿಕ್ಷಕ